ಮೀಟರಿನಲ್ಲಿ ನೂರ ಅರವತ್ತೆಂಟು

ಬುಧವಾರ ಬೆಳಿಗ್ಗೆ ಚಾಲಕ ತನ್ನ ತಟ್ಟೆಯಲ್ಲಿದ್ದ ಎರಡು ಬ್ರೆಡ್ ತುಂಡುಗಳನ್ನೂ ಎತ್ತಿ ತಾಯಿಯ ತಟ್ಟೆಗೆ ಹಾಕಿದ.

"ಯಾಕೋ, ಒಣಗಿದೆಯಾ?" ಎಂದಳು ಅವನ ತಾಯಿ, ಮನೆಗೆಲ್ಲ ಅಜ್ಜಿ.

"ಒಣಗಿಲ್ಲಮ್ಮ. ಬೇಡ ಅಷ್ಟೆ. ಇವತ್ತಿಂದ ಬ್ರೆಡ್ಡು, ಅನ್ನ, ಆಲೂಗಡ್ಡೆ, ಸಕ್ಕರೆ, ಹಣ್ಣು ಯಾವುದೂ ಇಲ್ಲ. ಏಳು ವಾರ."

"ಅದೆಲ್ಲ ಬಿಟ್ಟು ಏನು ತಿಂತೀಯ, ಗಾಳಿನಾ?"

"ಮೊಟ್ಟೆ. ಮಾಂಸ. ಕೋಸು. ಬೆಣ್ಣೆ."

"ಇದೇನು ಪಥ್ಯಾನೋ ಮದುವೆ ಊಟಾನೋ," ಎಂದಳು ಮಗಳು, ನಿಂತುಕೊಂಡೇ ಚಹಾ ಮುಗಿಸುತ್ತ. ಅವಳು ಹೆಂಗಸರ ಸಲೂನಿನಲ್ಲಿ ಉಗುರಿನ ಕೆಲಸ ಮಾಡುತ್ತಿದ್ದಳು. ಒಂಬತ್ತಕ್ಕೆ ಅಲ್ಲಿರಬೇಕು.

ಚಾಲಕನ ಹೆಂಡತಿ ಮಾತ್ರ ನಗಲಿಲ್ಲ. ಅವಳು ಶಾಲೆಯೊಂದರ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ ಬೇಯಿಸುವವಳು. ಮಧ್ಯಾಹ್ನ ಮಿಕ್ಕ ಅನ್ನವೋ ಬೆಂದ ಆಲೂಗಡ್ಡೆಯೋ ಡಬ್ಬಿಯಲ್ಲಿ ಮನೆಗೆ ಬರುತ್ತಿತ್ತು, ಅದರಲ್ಲೇ ಅರ್ಧ ಸಂಸಾರ ನಡೆಯುತ್ತಿತ್ತು. ಮೊಟ್ಟೆ, ಮಾಂಸ ಮಿಗುವ ಅಡುಗೆಮನೆ ಅದಲ್ಲ.

"ದಿನಕ್ಕೆ ಎಷ್ಟು ಮೊಟ್ಟೆ?" ಎಂದಷ್ಟೇ ಕೇಳಿದಳು.

"ನಾಲ್ಕು."

"ಸರಿ," ಎಂದಳು. ಬೇಡ ಎನ್ನುವಂತಿರಲಿಲ್ಲ. ವಿಷಯ ಏನೆಂದು ಅವಳಿಗೆ ಗೊತ್ತಿತ್ತು.

ಅವನು ಇಪ್ಪತ್ತೆರಡು ವರ್ಷದಿಂದ ನಗರದ ಬಸ್ಸು ಓಡಿಸುತ್ತಿದ್ದ. ಡಿಪೋದಲ್ಲಿ ಚಾಲಕರಿಗೆಲ್ಲ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ, ಈ ಸಲದ್ದಕ್ಕೆ ಇನ್ನು ಏಳು ವಾರವಿತ್ತು. ಹೋದ ಸಲ ಅವನ ಮೂರು ತಿಂಗಳ ಸಕ್ಕರೆಯ ಸರಾಸರಿ ಒಂಬತ್ತೂವರೆ ಬಂದಿತ್ತು. ಡಿಪೋ ಡಾಕ್ಟರು ಪೆನ್ನಿನ ಮುಚ್ಚಳ ಹಾಕಿ, "ಮುಂದಿನ ಸಲ ಎಂಟರ ಕೆಳಗೆ ಬರ್ಲೇಬೇಕು. ಬರದಿದ್ರೆ ಇನ್ಸುಲಿನ್ ಅಂತ ಬರೀತೀನಿ. ಸೂಜಿ ಹಾಕ್ಕೊಳ್ಳೋರಿಗೆ ಪ್ರಯಾಣಿಕರ ಬಸ್ಸು ಕೊಡಲ್ಲ. ನಿಯಮ ನಂದಲ್ಲ, ಕಂಪನೀದು," ಎಂದಿದ್ದರು. ಬಸ್ಸು ಹೋದರೆ ಉಳಿಯುವುದು ಹಿಂದಿನ ಅಂಗಳದಲ್ಲಿ ಬಸ್ಸು ತೊಳೆಯುವ ಕೆಲಸ. ಸಂಬಳ ಅರ್ಧಕ್ಕಿಂತ ಚೂರು ಜಾಸ್ತಿ.

ಎರಡು ತಿಂಗಳ ಹಿಂದೆ ಬೀದಿಯ ಕ್ಲಿನಿಕ್ಕಿನ ಡಾಕ್ಟರು ಹೊಸ ಮಾತ್ರೆಯೊಂದನ್ನು ಬರೆದುಕೊಟ್ಟಿದ್ದರು. ಅದು ಮೈಯೊಳಗಿನ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದಂತೆ. "ಊಟ ಬಿಡಬೇಡಿ. ಊಟದಲ್ಲಿ ಏನಾದ್ರೂ ಬದಲಾವಣೆ ಮಾಡಿದ್ರೆ ನಂಗೆ ಹೇಳಿ. ತಿಂಗಳಿಗೆ ಬಂದು ತೋರಿಸಿ," ಎಂದಿದ್ದರು. ತಿಂಗಳಿಗೆ ಅವನು ಹೋಗಲಿಲ್ಲ. ಹೋದರೆ ಅವರು ಏನಾದರೂ ಬರೆಯುತ್ತಾರೆ, ಬರೆದದ್ದು ಡಿಪೋಗೆ ಹೋಗುತ್ತದೆ ಎಂಬ ಭಯ. ಮಾತ್ರೆಯನ್ನು ಮಾತ್ರ ತಪ್ಪದೆ ಔಷಧಿ ಅಂಗಡಿಯಿಂದ ತರಿಸಿಕೊಂಡು ನುಂಗುತ್ತಿದ್ದ.

ಊಟದ ದಾರಿ ತೋರಿಸಿದವನು ಮೀಸೆ. ಅದೇ ಡಿಪೋದ ಇನ್ನೊಬ್ಬ ಚಾಲಕ, ಮೀಸೆಯಿಂದಲೇ ಆ ಹೆಸರು. ಆರು ತಿಂಗಳಲ್ಲಿ ಹದಿನಾಲ್ಕು ಕಿಲೋ ಇಳಿಸಿ, ಹಳೆಯ ಪ್ಯಾಂಟನ್ನು ಎರಡು ಕೈಯಲ್ಲಿ ಹಿಡಿದು ಕ್ಯಾಂಟೀನಿನಲ್ಲಿ ಎಲ್ಲರಿಗೂ ತೋರಿಸಿದ್ದ.

"ಸಕ್ಕರೆ ಕಾಯಿಲೆಗೆ ಸಕ್ಕರೇನೇ ಹಾಕದಿದ್ರೆ ಕಾಯಿಲೆ ಏನು ತಿನ್ನುತ್ತೆ? ಉಪವಾಸ ಬಿದ್ದು ಸಾಯುತ್ತೆ," ಎಂದ ಮೀಸೆ. ಒಂದು ಪುಟ್ಟ ಡಬ್ಬಿ ಕೊಟ್ಟ. ಒಳಗೆ ಕಾಗದದ ಪಟ್ಟಿಗಳು. "ಬೆಳಿಗ್ಗೆ ಮೂತ್ರದಲ್ಲಿ ಅದ್ದು. ತಿಳಿ ಗುಲಾಬಿ ಬಂದ್ರೆ ಪಾಸು. ನೇರಳೆ ಬಂದ್ರೆ ಮೈಯಲ್ಲಿರೋ ಕೊಬ್ಬು ಸೌದೆ ಥರ ಉರೀತಿದೆ ಅಂತ. ಫಸ್ಟ್ ಕ್ಲಾಸು."

ಮೀಸೆಗೆ ಸಕ್ಕರೆ ಕಾಯಿಲೆ ಇರಲಿಲ್ಲ. ಅವನು ಯಾವ ಮಾತ್ರೆಯನ್ನೂ ತಿನ್ನುತ್ತಿರಲಿಲ್ಲ. ಚಾಲಕ ಅದನ್ನು ಕೇಳಲಿಲ್ಲ, ಮೀಸೆಯೂ ಹೇಳಲಿಲ್ಲ.

ಮೊದಲ ಎರಡು ವಾರ ಮನೆಯಲ್ಲಿ ಎಲ್ಲರಿಗೂ ಉಸಿರು ಬಂದಂತಾಯಿತು. ಬೆರಳು ಚುಚ್ಚಿ ಸಕ್ಕರೆ ನೋಡುವ ಬೆಳಗಿನ ಮೀಟರು ಇನ್ನೂರ ಅರವತ್ತರಿಂದ ಇನ್ನೂರಕ್ಕೆ, ಆಮೇಲೆ ನೂರ ಐವತ್ತಕ್ಕೆ ಇಳಿಯಿತು. ಹೆಂಡತಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆಯಾ ದಿನದ ಚೌಕದಲ್ಲಿ ಅಂಕೆ ಬರೆದು, ಒಣಗಿದ ಪಟ್ಟಿಯನ್ನು ಪಕ್ಕದಲ್ಲೇ ಅಂಟಿಸುತ್ತಿದ್ದಳು. ಗುಲಾಬಿಯಿಂದ ನೇರಳೆಗೆ ಪಟ್ಟಿಗಳು ಸಾಲಾಗಿ ಕಪ್ಪಾಗುತ್ತ ಹೋದವು.

"ಮಾರ್ಕ್ಸ್ ಕಾರ್ಡ್ ಚೆನ್ನಾಗಿದೆ," ಎಂದಳು ಮಗಳು. "ಅಪ್ಪ ಸ್ಕೂಲಲ್ಲೂ ಹೀಗೇ ಓದಿದ್ರೆ ಡ್ರೈವರ್ ಆಗ್ತಿರ್ಲಿಲ್ಲ."

"ಓದಿದ್ರೆ ನಿಮ್ಮಮ್ಮ ಸಿಗ್ತಿರ್ಲಿಲ್ಲ," ಎಂದ ಅವನು. ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹಾಕುತ್ತಿದ್ದ. ಬಹಳ ದಿನಗಳ ಮೇಲೆ ಆ ಮನೆಯಲ್ಲಿ ತಮಾಷೆ ಕೇಳಿಸಿತ್ತು.

ಅಜ್ಜಿಗೆ ಮಾತ್ರ ಸಮಾಧಾನವಿರಲಿಲ್ಲ. ಮಗನ ಕುತ್ತಿಗೆಯ ಮೂಳೆ ಕಾಣುತ್ತಿದ್ದುದು ಅವಳಿಗೆ ಮೀಟರಿಗಿಂತ ದೊಡ್ಡದಾಗಿ ಕಂಡಿತು. ಮೂರನೇ ವಾರದ ಒಂದು ಬೆಳಿಗ್ಗೆ ಮೀಟರು ಇದ್ದಕ್ಕಿದ್ದಂತೆ ಇನ್ನೂರ ಇಪ್ಪತ್ತು ತೋರಿಸಿತು. ಮರುದಿನವೂ ಅಷ್ಟೆ. ಪಟ್ಟಿ ಬೆಳ್ಳಗಾಯಿತು. ಹೆಂಡತಿ ಸಾರಿನ ಪಾತ್ರೆಯ ತಳವನ್ನು ಸೌಟಿನಿಂದ ಕೆರೆದು ನೋಡಿದಳು.

"ಅತ್ತೆ, ಕೋಸಿನ ಸಾರು ಇಷ್ಟು ಗಟ್ಟಿ ಹೇಗಾಯ್ತು?"

"ಕುದ್ದು ಕುದ್ದು ಆಗಿರ್ಬೇಕು."

"ಎಷ್ಟು ಆಲೂಗಡ್ಡೆ ಹಿಸುಕಿ ಹಾಕಿದ್ರಿ?"

ಅಜ್ಜಿ ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಎರಡು. ಸಣ್ಣವು. ನಂದು ಹೆತ್ತ ಹೊಟ್ಟೆ ಕಣೇ. ಅವನು ಬರೀ ನೀರು ಕುಡಿದು ಸ್ಟೇರಿಂಗ್ ಹಿಡೀತಾನೆ ಅಂದ್ರೆ ನನ್ನ ಗಂಟಲಲ್ಲಿ ತುತ್ತು ಇಳಿಯುತ್ತಾ?"

ಚಾಲಕ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ. "ಅಮ್ಮ, ಸ್ಟೇರಿಂಗ್ ಉಳೀಲಿ ಅಂತಾನೇ ಇಷ್ಟೆಲ್ಲ ಮಾಡ್ತಿರೋದು. ನೀನು ನನ್ನ ಕೆಲಸಾನೇ ಹಿಸುಕಿ ಸಾರಿಗೆ ಹಾಕ್ತಿದೀಯ," ಎಂದ. ಅವನು ದನಿ ಏರಿಸಲಿಲ್ಲ. ಏರಿಸಿದ್ದರೆ ಅಜ್ಜಿ ತಿರುಗಿ ಬೈಯುತ್ತಿದ್ದಳು. ಅಂದಿನಿಂದ ತನ್ನ ತಟ್ಟೆಯನ್ನು ತೆಗೆದುಕೊಂಡು ಹೋಗಿ ಹೊರಗೆ ಮೆಟ್ಟಿಲ ಮೇಲೆ ಕುಳಿತು ಉಣ್ಣತೊಡಗಿದಳು. ಮಗನ ಎದುರು ಬ್ರೆಡ್ ಮುರಿಯಲು ಅವಳಿಗೆ ಕೈ ಬರಲಿಲ್ಲ.

ಹೋದ ಎರಡು ದಿನಗಳನ್ನು ತುಂಬಿಸಿಕೊಳ್ಳಬೇಕೆಂದು ಚಾಲಕ ಇನ್ನಷ್ಟು ಬಿಗಿ ಹಿಡಿದ. ಮೊದಲು ಬೆಳಗಿನ ಮೊಟ್ಟೆ ಬಿಟ್ಟ. ಐದನೇ ವಾರ ಒಂದೇ ಹೊತ್ತು ಎಂದ. ಹೆಂಡತಿಗೆ ಒಳಗೊಳಗೇ ಸ್ವಲ್ಪ ಹಗುರವೂ ಆಯಿತು. ಹಾಗೆ ಹಗುರವಾದದ್ದಕ್ಕೆ ನಾಚಿಕೆಯೂ ಆಯಿತು. ಮೊಟ್ಟೆ ಮಾಂಸಕ್ಕೆಂದು ಅವಳು ತನ್ನ ಮಧ್ಯಾಹ್ನದ ಬಸ್ಸನ್ನೇ ಬಿಟ್ಟು ಶಾಲೆಯಿಂದ ನಡೆದು ಬರುತ್ತಿದ್ದಳು.

"ಕ್ಲಿನಿಕ್ಕಿಗೆ ಒಂದ್ಸಲ ಹೋಗಿ ಬನ್ನಿ," ಎಂದಳು ಒಂದು ದಿನ. "ಹೀಗೆ ಊಟ ಬಿಟ್ಟಿದೀನಿ ಅಂತ ಹೇಳಿ."

"ಮೀಟರ್ ಎಷ್ಟಿದೆ?"

"ನೂರ ಇಪ್ಪತ್ತೆಂಟು."

"ಮತ್ತೆ? ಚೆನ್ನಾಗಿ ಓಡೋ ಗಾಡೀನ ಯಾರಾದ್ರೂ ಗ್ಯಾರೇಜಿಗೆ ಬಿಡ್ತಾರಾ?"

ಕ್ಯಾಲೆಂಡರಿನ ಆ ದಿನದ ಪಟ್ಟಿ ಕಡುನೇರಳೆಯಾಗಿತ್ತು. ಡಬ್ಬಿಯ ಮೇಲಿನ ಬಣ್ಣಗಳ ಸಾಲಿನಲ್ಲಿ ಅದಕ್ಕಿಂತ ಗಾಢವಾದದ್ದು ಇನ್ನೊಂದಿರಲಿಲ್ಲ. ಅವಳು ಅದನ್ನು ಒಳ್ಳೆಯದೆಂದೇ ಅಂಟಿಸಿದ್ದಳು.

ಮನೆಯಲ್ಲಿ ವಾಸನೆ ಶುರುವಾದದ್ದು ಆ ವಾರವೇ.

ಮಗಳು ಭಾನುವಾರಗಳಲ್ಲಿ ಅಡುಗೆಮನೆಯ ಮೇಜಿನ ಮೇಲೆ ಬಟ್ಟೆ ಹಾಸಿ ಅಕ್ಕಪಕ್ಕದ ಹೆಂಗಸರಿಗೆ ಉಗುರು ಮಾಡುತ್ತಿದ್ದಳು. ಸಲೂನಿನಲ್ಲಿ ಸ್ವಂತಕ್ಕೊಂದು ಕುರ್ಚಿ ಬಾಡಿಗೆಗೆ ಹಿಡಿಯುವುದು ಅವಳ ಆಸೆ, ಭಾನುವಾರದ ದುಡ್ಡೆಲ್ಲ ಅದಕ್ಕೆ. ಹಳೆಯ ಬಣ್ಣ ತೆಗೆಯುವ ದ್ರವದ ಬಾಟಲಿ ತೆರೆದರೆ ಮೂಗಿಗೆ ಹೊಡೆಯುತ್ತಿತ್ತು. ಸಿಹಿಯೂ ಖಾರವೂ ಆದ, ಕೊಳೆತ ಹಣ್ಣಿನಂಥ ಘಾಟು. ಅಜ್ಜಿಗೆ ಆ ಬಾಟಲಿಯ ಮೇಲೆ ಮೊದಲಿಂದಲೂ ಕೋಪ.

"ಏನೇ ಇದು, ಭಾನುವಾರ ಹೋಗಿ ಎರಡು ದಿನ ಆದ್ರೂ ನಿನ್ನ ಬಾಟ್ಲಿ ಗಬ್ಬು ಹೋಗಿಲ್ಲ," ಎಂದಳು ಅಜ್ಜಿ ಮಂಗಳವಾರ. "ಅವನ ಕೋಣೇಲೂ ಅದೇ, ಹಾಸಿಗೇಲೂ ಅದೇ. ಅದಕ್ಕೇ ಅವನಿಗೆ ವಾಕರಿಕೆ ಬರ್ತಿರೋದು."

"ಮುಚ್ಚಳ ಹಾಕಿಟ್ಟಿದೀನಿ ಅಜ್ಜಿ."

"ಹಾಕಿದ್ರೆ ಎಲ್ಲಿಂದ ಬರುತ್ತೆ? ನನ್ನ ಮೂಗಿಂದಾನಾ?"

ಚಾಲಕ ಹೊಟ್ಟೆ ಹಿಡಿದುಕೊಂಡು ಕುರ್ಚಿಯಲ್ಲಿ ಕುಳಿತಿದ್ದ. ಬೆಳಿಗ್ಗೆ ನಿಲ್ದಾಣದಲ್ಲಿ ಬಸ್ಸಿನ ಮುಂದಿನ ಚಕ್ರವನ್ನು ಫುಟ್‌ಪಾತಿನ ಕಲ್ಲಿಗೆ ಹತ್ತಿಸಿಬಿಟ್ಟಿದ್ದ. ಇಪ್ಪತ್ತೆರಡು ವರ್ಷದಲ್ಲಿ ಅದೇ ಮೊದಲು. ಅದನ್ನು ಮನೆಯಲ್ಲಿ ಹೇಳಿರಲಿಲ್ಲ.

"ಆ ಪೆಟ್ಟಿಗೆ ಮನೇಲಿ ಬೇಡ," ಎಂದ ಮಗಳಿಗೆ. "ಭಾನುವಾರದ ಗಿರಾಕಿಗಳೂ ಬೇಡ. ತಪಾಸಣೆ ಮುಗಿಯೋವರೆಗೆ."

"ಇಷ್ಟು ದಿನ ಇಲ್ಲದ್ದು ಈಗೇನು? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ಊಟ ಮಾಡದೆ ವಾಂತಿ ಬರೋಹಾಗಾಗಿದೆ ನಿಂಗೆ, ಅದಕ್ಕೆ ನನ್ನ ಬಾಟ್ಲಿ ಕಾರಣ."

"ಎದುರು ಮಾತಾಡ್ಬೇಡ," ಎಂದಳು ತಾಯಿ.

"ನೀನೂ ಅವರ ಕಡೇನಾ ಅಮ್ಮ?"

"ಕಡೆ ಏನು ಬಂತು. ಇನ್ನು ಹತ್ತು ದಿನ. ಹತ್ತು ದಿನ ಬಾಯಿ ಮುಚ್ಕೊಂಡಿರೋಕೆ ಆಗಲ್ವಾ ನಿಂಗೆ?"

ಮಗಳು ಬಾಟಲಿ, ಅರ, ಬಣ್ಣ ಎಲ್ಲವನ್ನೂ ಪೆಟ್ಟಿಗೆಗೆ ತುಂಬಿ ಸಲೂನಿಗೆ ಒಯ್ದಳು. ಮೂರು ದಿನ ಯಾರೊಂದಿಗೂ ಮಾತಾಡಲಿಲ್ಲ. ಶುಕ್ರವಾರ ಅವಳು ಮನೆಗೆ ಬಂದಾಗ ಅಜ್ಜಿ ಅವಳ ಹಾಸಿಗೆಯನ್ನು ಎತ್ತಿ ಅಡಿಯಲ್ಲಿ ತಡಕಾಡುತ್ತಿದ್ದಳು.

"ಏನು ಹುಡುಕ್ತಿದೀಯ?"

"ಇನ್ನೊಂದು ಬಾಟ್ಲಿ ಇಟ್ಟಿದೀಯಲ್ಲ, ಅದನ್ನ. ವಾಸನೆ ಜಾಸ್ತಿಯಾಗಿದೆ ಹೊರತು ಕಮ್ಮಿ ಆಗಿಲ್ಲ."

ಮಗಳು ಕೈಚೀಲವನ್ನು ಅಜ್ಜಿಯ ಮುಂದೆ ನೆಲದ ಮೇಲೆ ಸುರಿದಳು. ಬಾಚಣಿಗೆ, ಬೀಗದ ಕೈ, ಅರ್ಧ ತಿಂದ ಬಿಸ್ಕತ್ತು. "ನೋಡ್ಕೋ," ಎಂದು ಹೊರಗೆ ಹೋಗಿಬಿಟ್ಟಳು. ಅವಳಿಗೂ ವಾಸನೆ ಬರುತ್ತಿತ್ತು. ದಿನವಿಡೀ ಅದರಲ್ಲೇ ಇರುವ ತನ್ನ ಬಟ್ಟೆಯದಿರಬೇಕು ಎಂದುಕೊಂಡಿದ್ದಳು.

ಶನಿವಾರ ಅವಳಿಗೆ ಅರ್ಧ ದಿನದ ಕೆಲಸ. ಹನ್ನೆರಡಕ್ಕೆ ಬಂದವಳು ಬಾಗಿಲಿಂದಲೇ ಸೀದಾ ಸ್ನಾನದ ಕೋಣೆಗೆ ಹೋಗಿ ಕೈ, ಮುಖ ಸೋಪಿನಲ್ಲಿ ತಿಕ್ಕಿ, ಬಟ್ಟೆ ಬದಲಾಯಿಸಿದಳು. ಅಜ್ಜಿಯ ಬಾಯಿ ಮುಚ್ಚಿಸಬೇಕೆಂಬ ಹಟ. ಆಮೇಲೆ ನಡುಮನೆಗೆ ಬಂದಳು. ತಂದೆ ಬೆಂಚಿನ ಮೇಲೆ ಮಲಗಿದ್ದ. ಬೆಳಗಿನ ಪಾಳಿಯನ್ನು ಅರ್ಧಕ್ಕೇ ಬಿಟ್ಟು ಬಂದಿದ್ದ. ಪಕ್ಕದಲ್ಲಿ ಬಕೆಟ್ಟು. ನಾಲ್ಕು ಮಹಡಿ ಹತ್ತಿ ಬಂದವನಂತೆ ಆಳವಾಗಿ, ಬೇಗಬೇಗ ಉಸಿರೆಳೆಯುತ್ತಿದ್ದ. ಮಲಗಿದವನಿಗೆ ಅಷ್ಟು ಉಸಿರು ಯಾಕೆ ಬೇಕು?

"ಅಪ್ಪ," ಎಂದು ಅವಳು ಬಗ್ಗಿದಳು.

ವಾಸನೆ ಅವನ ಬಾಯಿಂದ ಬಂತು. ಹದಿನೆಂಟನೇ ವಯಸ್ಸಿನಿಂದ ಅವಳ ಬೆರಳಿಗೆ ಅಂಟಿಕೊಂಡಿದ್ದ ಅದೇ ಘಾಟು, ಬಿಸಿಯಾಗಿ, ಪ್ರತಿ ಉಸಿರಿಗೂ.

"ಅಮ್ಮ, ಇಲ್ಲಿ ಬಾ. ಇದು ನನ್ನ ಬಾಟ್ಲಿ ಅಲ್ಲ. ಅಪ್ಪನ ಉಸಿರು."

ತಾಯಿ ಮೀಟರು ತಂದು ಅವನ ಬೆರಳು ಚುಚ್ಚಿದಳು. ನೂರ ಅರವತ್ತೆಂಟು.

"ಸರಿಯಾಗೇ ಇದೆಯಲ್ಲ," ಎಂದಳು. ಇನ್ನೊಂದು ಬೆರಳು ಚುಚ್ಚಿದಳು. ನೂರ ಅರವತ್ತೇಳು. "ಸಕ್ಕರೆ ಜಾಸ್ತಿ ಇಲ್ಲ. ಬೇರೆ ಏನೋ. ಹೊಟ್ಟೆ ಕೆಟ್ಟಿರ್ಬೇಕು."

"ಆಸ್ಪತ್ರೆಗೆ ಹೋಗೋಣ."

ಚಾಲಕ ಕಣ್ಣು ತೆರೆದ. "ಬೇಡ," ಎಂದ. ಮಾತಿನ ನಡುವೆ ಉಸಿರು ಎಳೆದುಕೊಂಡ. "ಹೋದ್ರೆ... ಬರೀತಾರೆ. ಇನ್ನು ಆರು ದಿನ. ಯಾರೂ ಫೋನ್ ಮಾಡ್ಬೇಡಿ."

"ಅಮ್ಮ, ನೋಡು ಹೇಗೆ ಉಸಿರಾಡ್ತಿದಾನೆ."

ಹೆಂಡತಿ ಗಂಡನನ್ನು ನೋಡಿದಳು. ಗೋಡೆಯ ಕ್ಯಾಲೆಂಡರನ್ನು ನೋಡಿದಳು. ತಪಾಸಣೆಯ ಶುಕ್ರವಾರದ ಚೌಕಕ್ಕೆ ಕೆಂಪು ಸುತ್ತು ಹಾಕಿದ್ದು ಅವಳೇ. "ಸ್ವಲ್ಪ ಹೊತ್ತು ನೋಡೋಣ," ಎಂದಳು. "ಉಪ್ಪು ನೀರು ಕೊಡ್ತೀನಿ. ಮೀಟರ್ ಸರಿ ಇದೆ ತಾನೆ?"

ಉಪ್ಪು ನೀರು ಬಕೆಟ್ಟಿಗೆ ಹೋಯಿತು. ಮತ್ತೆ ಕೊಟ್ಟಳು, ಮತ್ತೆ ಹೋಯಿತು. ಮಗಳು ಫೋನ್ ಹಿಡಿದು ನಿಂತಿದ್ದಳು. ತಾಯಿ ಅವಳ ಮಣಿಕಟ್ಟನ್ನು ಹಿಡಿದುಕೊಂಡೇ ಇದ್ದಳು. ಹಾಗೆ ಒಂದು ಗಂಟೆ ಹೋಯಿತು. ಕೊನೆಗೆ ಅಜ್ಜಿ ಮಗನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, "ಏನು ಕೇಳಿದ್ರೂ ಹೂಂ ಅಂತಾನೆ. ನನ್ನನ್ನ ಟಿಕೆಟ್ ಆಯ್ತಾ ಅಂತ ಕೇಳಿದ," ಎಂದಳು. ಆಗ ಹೆಂಡತಿಯ ಕೈ ತಾನಾಗಿ ಬಿಟ್ಟಿತು, ಮಗಳು ಫೋನ್ ಮಾಡಿದಳು.

ಆಸ್ಪತ್ರೆಯ ಯುವ ಡಾಕ್ಟರಮ್ಮ ಮಾತ್ರೆಯ ಖಾಲಿ ಪೊಟ್ಟಣವನ್ನು ತಿರುಗಿಸಿ ನೋಡಿದರು.

"ಊಟ ಏನು ಮಾಡ್ತಿದ್ರು?"

"ಅನ್ನ, ಬ್ರೆಡ್ಡು ಏನೂ ಇಲ್ಲ. ಆರು ವಾರ ಆಯ್ತು. ಈಚೆಗೆ ಒಂದೇ ಹೊತ್ತು," ಎಂದಳು ಹೆಂಡತಿ.

"ಈ ಮಾತ್ರೆ ತಿಂತಾ ಹಾಗೆ ಊಟ ಬಿಟ್ಟಿರೋದನ್ನ ಯಾರಿಗಾದ್ರೂ ಹೇಳಿದ್ರಾ?"

"ಮೀಟರ್ ಚೆನ್ನಾಗಿತ್ತು ಡಾಕ್ಟ್ರೆ."

"ಚೆನ್ನಾಗೇ ತೋರಿಸುತ್ತೆ. ಮಾತ್ರೆ ಸಕ್ಕರೇನ ಮೂತ್ರದಲ್ಲಿ ಸುರಿದುಬಿಡುತ್ತಲ್ಲ. ಮೈಗೆ ಉರಿಸೋಕೆ ಬೇರೇನೂ ಇಲ್ಲದೆ ಕೊಬ್ಬನ್ನ ಮಿತಿಮೀರಿ ಉರಿಸಿದೆ. ಅದರ ಆಮ್ಲ ರಕ್ತದಲ್ಲಿ ತುಂಬಿಕೊಂಡಿದೆ. ಆ ವಾಸನೆ, ಆ ಉಸಿರು ಅದರದೇ. ಇಂಥ ಊಟ ಎಷ್ಟೋ ಜನ ಮಾಡ್ತಾರೆ, ಕೆಲವರಿಗೆ ಒಳ್ಳೇದೂ ಆಗುತ್ತೆ. ಆದ್ರೆ ಡಾಕ್ಟರಿಗೆ ಹೇಳಿ, ಮಾತ್ರೆ ಬದಲಾಯಿಸ್ಕೊಂಡು ಮಾಡ್ಬೇಕು." ಅವರು ಬರೆಯುತ್ತ ಕೇಳಿದರು. "ಈ ಥರ ಉಸಿರಾಟ ಎಷ್ಟು ಹೊತ್ತಿಂದ?"

ಮಗಳು ತಾಯಿಯನ್ನು ನೋಡಿದಳು. ತಾಯಿ ನೆಲ ನೋಡುತ್ತ, "ಈಗಷ್ಟೆ," ಎಂದಳು.

ಎರಡು ದಿನ ಅವನ ಎರಡೂ ಕೈಗೆ ನಳಿಕೆ. ಒಂದರಲ್ಲಿ ಇನ್ಸುಲಿನ್, ಇನ್ನೊಂದರಲ್ಲಿ ಸಕ್ಕರೆ ನೀರು. ಅಜ್ಜಿಗೆ ಅದು ಸಕ್ಕರೆ ನೀರೆಂದು ದಾದಿಯಿಂದ ಗೊತ್ತಾಯಿತು. ಬಾಟಲಿಯಿಂದ ಇಳಿಯುವ ಹನಿಗಳನ್ನು ನೋಡುತ್ತ ಸೊಸೆಗೆ, "ಎರಡು ಆಲೂಗಡ್ಡೆಗೆ ನನ್ನನ್ನ ಮೆಟ್ಟಿಲಿಗೆ ಕಳಿಸಿದ್ರಿ," ಎಂದಳು. ಮತ್ತೆ ಅದನ್ನು ಎತ್ತಲಿಲ್ಲ.

ಸೋಮವಾರ ಮೀಸೆ ನೋಡಲು ಬಂದ. ಮಂಚದ ಹತ್ತಿರ ಬರಲು ಹೆದರಿ ಬಾಗಿಲ ಬಳಿಯೇ ನಿಂತ. "ನಂಗೆ ಏನೂ ಆಗ್ಲಿಲ್ಲವಲ್ಲ," ಎಂದು ಮೂರು ಸಲ ಹೇಳಿದ.

"ನೀವು ಮಾತ್ರೆ ತಿಂತಿರ್ಲಿಲ್ವಲ್ಲ ಮಾವ," ಎಂದಳು ಮಗಳು.

"ಅವನು ಮಾತ್ರೆ ತಿಂತಾನೆ ಅಂತ ನಂಗೇನು ಗೊತ್ತು ತಾಯಿ. ಕೇಳೋಕೆ ನಾನೇನು ಡಾಕ್ಟ್ರಾ?" ಎಂದು ಮೀಸೆ ಕಣ್ಣು ಒರೆಸಿಕೊಂಡ.

ಗುರುವಾರ ಚಾಲಕ ಮನೆಗೆ ಬಂದ. ಆಸ್ಪತ್ರೆಯ ಚೀಟಿಯಲ್ಲಿ ಮೂರು ವಿಷಯಗಳಿದ್ದವು. ಆ ಮಾತ್ರೆಯನ್ನು ಇನ್ನೆಂದೂ ಮುಟ್ಟಬಾರದು. ದಿನಕ್ಕೆ ಮೂರು ಹೊತ್ತು ಇನ್ಸುಲಿನ್ ಚುಚ್ಚಿಕೊಂಡು, ಹಿಂದೆಯೇ ಅಳತೆಯ ಊಟ ಮಾಡಬೇಕು. ಕೆಲವು ತಿಂಗಳ ನಂತರ ನೋಡಿ ಸೂಜಿ ಬೇಕೋ ಬೇಡವೋ ಹೇಳಲಾಗುವುದು. ಕೆಳಗೆ ರಕ್ತದ ವರದಿ. ಮೂರು ತಿಂಗಳ ಸರಾಸರಿ, ಏಳು ಪಾಯಿಂಟ್ ಎಂಟು.

ಅವನು ಆ ಅಂಕೆಯ ಮೇಲೆ ಬೆರಳಿಟ್ಟು ಹೆಂಡತಿಯನ್ನು ಕರೆದ. "ಎಂಟರ ಕೆಳಗಿದೆ. ನಾನು ಪಾಸಾಗಿದೀನಿ ಕಣೇ."

ಡಿಪೋದವರು ತಪಾಸಣೆಯನ್ನು ಮುಂದಿನ ಶನಿವಾರಕ್ಕೆ ಹಾಕಿದ್ದರು. ನಾಲ್ಕು ದಿನ ಅವನು ಏನೋ ಯೋಚಿಸುತ್ತಲೇ ಇದ್ದ. ಸೋಮವಾರ ಸಂಜೆ ಊಟಕ್ಕೆ ಕುಳಿತಾಗ ಬಾಯಿ ಬಿಟ್ಟ.

"ಗುರುವಾರದಿಂದ ಸೂಜಿ ನಿಲ್ಲಿಸ್ತೀನಿ. ಶನಿವಾರ ಕೇಳ್ತಾರೆ, ಇನ್ಸುಲಿನ್ ತಗೋತೀರಾ ಅಂತ. ಇಲ್ಲ ಅಂತೀನಿ. ಸುಳ್ಳೂ ಆಗಲ್ಲ. ಆಸ್ಪತ್ರೆ ಯಾಕೆ ಅಂದ್ರೆ ಹೊಟ್ಟೆ ಕೆಟ್ಟಿತ್ತು ಅಂತ. ನೀವೂ ಹಾಗೇ ಹೇಳ್ಬೇಕು."

"ಆಮೇಲೆ?" ಎಂದಳು ಹೆಂಡತಿ.

"ಆಮೇಲೆ ಮನೇಲಿ ಮತ್ತೆ ಶುರು ಮಾಡ್ತೀನಿ. ಯಾರಿಗೆ ಗೊತ್ತಾಗುತ್ತೆ?"

"ಹಾವೂ ಸಾಯಬಾರದು, ಕೋಲೂ ಮುರೀಬಾರದು," ಎಂದಳು ಮಗಳು. "ಅಪ್ಪ, ಬಸ್ಸಲ್ಲಿ ಐವತ್ತು ಜನ ಇರ್ತಾರೆ. ಸಕ್ಕರೆ ಇಳಿದು ನಿಂಗೆ ಕಣ್ಣು ಕತ್ತಲೆ ಬಂದ್ರೆ?"

"ಬರಲ್ಲ. ನಂಗೆ ಗೊತ್ತಾಗುತ್ತೆ."

"ಅವತ್ತು ಗೊತ್ತಾಯ್ತಾ? ಅಜ್ಜೀನ ಟಿಕೆಟ್ ಕೇಳ್ತಿದ್ದೆ."

ಅವನು ಚಮಚವನ್ನು ತಟ್ಟೆಯ ಅಂಚಿಗೆ ಇಟ್ಟ. "ಬಸ್ಸು ತೊಳೆಯೋ ಸಂಬಳದಲ್ಲಿ ಈ ಮನೆ ಬಾಡಿಗೆ ಕಟ್ಟೋಕೆ ಆಗುತ್ತಾ? ಹೇಳು. ಆ ಸೂಜಿಗಾದ್ರೂ ಸಾಲುತ್ತಾ? ನಾಳೆ ಅಂಗಳದಲ್ಲಿ ಪೈಪ್ ಹಿಡ್ಕೊಂಡು ನಿಂತಾಗ ಮೊನ್ನೆ ಸೇರಿದ ಹುಡುಗರು ಬಸ್ಸು ತಂದು ನಿಲ್ಲಿಸಿ, ಅಣ್ಣಾ ಗಾಜು ಚೆನ್ನಾಗಿ ಒರೆಸಿ ಅಂತಾರೆ. ಅದನ್ನ ಕೇಳಿಸ್ಕೊಂಡು ನಾನು ನೂರು ವರ್ಷ ಬದುಕ್ಬೇಕಾ?"

ಅವನು ಹೇಳಿದ್ದರಲ್ಲಿ ಬಾಡಿಗೆಯ ಮಾತಂತೂ ನಿಜ. ಅಜ್ಜಿ ಮೊಮ್ಮಗಳ ಕಡೆ ತಿರುಗದೆ, "ಭಾನುವಾರದಿಂದ ಮೇಜು ಖಾಲಿ ಮಾಡಿಕೊಡ್ತೀನಿ. ನಿನ್ನ ಗಿರಾಕಿಗಳನ್ನ ಕರಿ," ಎಂದಳು. ಮಗಳು ತಲೆಯಾಡಿಸಿದಳು. ಆ ದುಡ್ಡು ಇನ್ನು ಕುರ್ಚಿಗೆ ಹೋಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಮಂಗಳವಾರ ಹೆಂಡತಿ ಶಾಲೆಗೆ ರಜೆ ಹೇಳಿ, ಆಸ್ಪತ್ರೆಯ ಚೀಟಿಯನ್ನು ರವಿಕೆಯೊಳಗೆ ಮಡಿಸಿಟ್ಟುಕೊಂಡು ಡಿಪೋಗೆ ಹೋದಳು. ಡಾಕ್ಟರ ಕೋಣೆಯ ಹೊರಗೆ ಆರು ಚಾಲಕರು ಸಾಲಾಗಿ ಕುಳಿತಿದ್ದರು. ಒಬ್ಬ ಗುರುತು ಹಿಡಿದು, "ಅತ್ತಿಗೆ, ಅಣ್ಣ ಯಾವಾಗ ಬರ್ತಾನೆ?" ಎಂದ. ಅವಳು, "ಬರ್ತಾರೆ," ಎಂದಳು. ತನ್ನ ಸರದಿ ಬರುವ ಮೊದಲು ಎರಡು ಸಲ ಎದ್ದು ಗೇಟಿನವರೆಗೆ ಹೋಗಿ ವಾಪಸು ಬಂದು ಕುಳಿತಳು.

ಡಿಪೋ ಡಾಕ್ಟರು ಚೀಟಿಯನ್ನು ಪೂರ್ತಿ ಓದಿದರು. "ನೀವು ಇಲ್ಲಿಗೆ ಬಂದಿರೋದು ಅವರಿಗೆ ಗೊತ್ತಾ?"

"ಇಲ್ಲ."

"ಇದನ್ನ ನಾನು ಓದಿದ ಮೇಲೆ ಓದಿಲ್ಲ ಅನ್ನೋಕಾಗಲ್ಲ."

"ಅದಕ್ಕೇ ತಂದಿದೀನಿ," ಎಂದಳು. "ಸೂಜಿ ನಿಂತ ಮೇಲೆ ಬಸ್ಸು ವಾಪಸು ಕೊಡ್ತೀರಾ?"

"ನಿಂತ್ರೆ, ಒಂದು ವರ್ಷ ಅಂಕೆ ಚೆನ್ನಾಗಿದ್ರೆ, ಅರ್ಜಿ ಹಾಕಬಹುದು. ಕೊಡ್ತಾರೆ ಅಂತ ನಾನು ಹೇಳಲಾರೆ." ಅವರು ಪೆನ್ನು ತೆಗೆದು ಬರೆದರು. ಎರಡೇ ಸಾಲು.

ಅವಳು ಮನೆ ತಲುಪಿದಾಗ ಮಧ್ಯಾಹ್ನ ಒಂದು ಗಂಟೆ. ಮಗಳು ಆಗತಾನೆ ಊಟದ ಬಿಡುವಿಗೆ ಬಂದು ತಂದೆಯ ಹೊಟ್ಟೆಗೆ ಸೂಜಿ ಚುಚ್ಚಿ ತಟ್ಟೆ ಬಡಿಸಿದ್ದಳು. ಒಂದು ಬಟ್ಟಲು ಅನ್ನ, ಮೊಟ್ಟೆ, ಬೆಂದ ಕೋಸು. ಹೆಂಡತಿ ಬಾಗಿಲಲ್ಲಿ ಚಪ್ಪಲಿಯನ್ನೂ ಬಿಡದೆ ಹೇಳಿಬಿಟ್ಟಳು. ಬಿಟ್ಟು ಒಳಗೆ ಬಂದರೆ ಹೇಳಲಾಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

"ಡಿಪೋಗೆ ಹೋಗಿದ್ದೆ. ಚೀಟಿ ತೋರಿಸ್ದೆ. ಅವರು ಬರ್ಕೊಂಡ್ರು."

ಚಾಲಕ ತಟ್ಟೆಯನ್ನು ಎರಡು ಬೆರಳಿನಿಂದ ಮೇಜಿನ ಆಚೆ ತುದಿಯವರೆಗೆ ತಳ್ಳಿದ.

"ಅಪ್ಪ, ಸೂಜಿ ಹಾಕಿ ಆಗಿದೆ," ಎಂದಳು ಮಗಳು. "ತಿನ್ಲೇಬೇಕು."

ಅವನು ತಿನ್ನಲಿಲ್ಲ. ಮೂವರು ಹೆಂಗಸರು ಮೇಜಿನ ಸುತ್ತ ನಿಂತರು. ಗೋಡೆ ಗಡಿಯಾರದಲ್ಲಿ ಹತ್ತು ನಿಮಿಷ ಹೋಯಿತು, ಹದಿನೈದು ಹೋಯಿತು. ಅಜ್ಜಿ ತಟ್ಟೆಯನ್ನು ಮೆಲ್ಲಗೆ ಅವನ ಮುಂದಕ್ಕೆ ಸರಿಸಿದಳು. ಅವನು ಮತ್ತೆ ತಳ್ಳಿದ. ಸರಿಸಿದಳು, ತಳ್ಳಿದ. ಇಪ್ಪತ್ತೈದಾಯಿತು. ಅವನ ಹಣೆಯಲ್ಲಿ ಬೆವರು ಮೂಡಿತು. ಮೇಜಿನ ಮೇಲಿದ್ದ ಕೈ ನಡುಗತೊಡಗಿತು. ಆ ನಡುಗುವ ಕೈಯನ್ನು ಅವನೂ ನೋಡುತ್ತಿದ್ದ, ಬೇರೆಯವರದೇನೋ ಎಂಬಂತೆ.

ಮಗಳು ಸಕ್ಕರೆ ಡಬ್ಬಿಗೆ ಕೈ ಹಾಕಿದಳು. ಹೆಂಡತಿ ಅವಳನ್ನು ತಡೆದು, ಕುರ್ಚಿ ಎಳೆದುಕೊಂಡು ಗಂಡನ ಎದುರು ಕುಳಿತಳು.

"ಅವತ್ತು ಶನಿವಾರ ನೀವು ಬಕೆಟ್ಟಿಗೆ ಕಕ್ತಾ ಇದ್ರಿ. ನಾನು ಇವಳ ಕೈ ಹಿಡ್ಕೊಂಡು ನಿಂತಿದ್ದೆ, ಫೋನ್ ಮಾಡೋಕೆ ಬಿಡದೆ. ಒಂದು ಗಂಟೆ. ಆಸ್ಪತ್ರೇಲಿ ಕೇಳ್ದಾಗ ಈಗಷ್ಟೆ ಅಂದೆ. ನಿಮ್ಮ ಕೆಲಸ ಉಳೀಲಿ ಅಂತ." ಅವಳ ದನಿ ಸಣ್ಣಗಾಯಿತು. "ಇನ್ನೊಂದ್ಸಲ ಹಾಗೆ ನಿಂತ್ಕೊಳ್ಳೋಕೆ ನನ್ನ ಕೈಲಾಗಲ್ಲ. ತಿನ್ನಿ. ಆಮೇಲೆ ಬೈಯಿರಿ."

ಅವನು ಚಮಚಕ್ಕೆ ಕೈ ಚಾಚಿದ. ಅದು ಬೆರಳಿನಿಂದ ಜಾರಿ ಮೇಜಿನ ಮೇಲೆ ಬಿತ್ತು. ಅವನು ಅದನ್ನು ಬಿಟ್ಟು ಕೈಯಲ್ಲೇ ಅನ್ನವನ್ನು ಮುದ್ದೆ ಮಾಡಿ ಬಾಯಿಗೆ ಇಟ್ಟುಕೊಂಡ. ಒಂದು ತುತ್ತು, ಇನ್ನೊಂದು. ಅಗಿಯಲು ಬಹಳ ಹೊತ್ತು ತೆಗೆದುಕೊಂಡ. ಬಟ್ಟಲು ಅರ್ಧವಾಗುವವರೆಗೆ ಯಾರೂ ಕದಲಲಿಲ್ಲ.

"ಶನಿವಾರದವರೆಗೆ ಟೈಮ್ ಇತ್ತು," ಎಂದ ತಟ್ಟೆಯಿಂದ ತಲೆ ಎತ್ತದೆ. "ಇನ್ನೂ ನಾಲ್ಕು ದಿನ ಡ್ರೈವರ್ ಆಗಿರ್ತಿದ್ದೆ."

"ಹೌದು," ಎಂದಳು ಹೆಂಡತಿ, ತಟ್ಟೆಯಲ್ಲಿದ್ದ ಮೊಟ್ಟೆಯನ್ನು ಮುರಿದು ಅವನ ಕೈಗೆ ಸಿಗುವಂತೆ ಹತ್ತಿರಕ್ಕೆ ಸರಿಸುತ್ತ.